ಮೈನಸ್ 30ರಾಗ ತೋಳ ಹೆಂಗ ಬದುಕತಾವ?

ತಮ್ಮಾ, ಜನವರಿಯೊಳಗ ಗದಗ ಬಿಟ್ಟು ಕೆನಡಾದ ಎಡ್ಮಂಟನ್ನಿಗೆ ಬರೂದೈತಿ, ಅಲ್ಲಿ ತೋಳ ಊರಾಗ ಬರತಾವೇನು, ಆ ಥಂಡ್ಯಾಗ ಹೆಂಗ ಬದುಕತಾವ ಅಂತ ಕೇಳೀದಿ.

ಊರೊಳಗ, ನದಿ ದಂಡಿ ಗಿಡಗಂಟ್ಯಾಗ ಕಾಣೂದು ಕಾಯೋಟಿ, ತೋಳದ ಕುಲದ ಸಣ್ಣ ಪ್ರಾಣಿ. ಹೊಸಬರು ಅದನ್ನ ತೋಳ ಅಂತ ತಿಳೀತಾರ. ಕಾಯೋಟಿ ಸುಮಾರು 10ರಿಂದ 20 ಕಿಲೋ, ಚೂಪ ಮೂತಿ, ದೊಡ್ಡ ಕಿವಿ. (ತೂಕದಾಗ ದೊಡ್ಡ ಕಾಯೋಟಿ ನಮ್ಮ ಕಪ್ಪತಗುಡ್ಡದ ತೋಳದ ಸಮೀಪ ಬರತೈತಿ!) ಇಲ್ಲಿನ ತೋಳ 35ರಿಂದ 50 ಕಿಲೋ, ಅಗಲ ಮೂತಿ, ಹೆಜ್ಜೆ ಗುರುತು 10 ಸೆಂಟಿಮೀಟರಿಗಿಂತ ಉದ್ದ. ಅವು ಇರೂದು ಉತ್ತರದ ಕಾಡಿನ್ಯಾಗ, ಜಾಸ್ಪರ್, ಬ್ಯಾಂಫ್ ರಾಷ್ಟ್ರೀಯ ಪಾರ್ಕಿನ ಕಡೆ.

ಥಂಡಿಗೆ ಅವು ಗವಿ ಹುಡುಕೂದಿಲ್ಲ. ಗವಿ ಬೇಕಾಗೂದು ಮರಿ ಹಾಕೂ ಮುಂದ ಅಷ್ಟ. ಮೈಮ್ಯಾಲ ಎರಡು ಪದರ: ಹೊರಗಿನ ಒರಟು ಕೂದಲ ಹಿಮ ತಡೀತೈತಿ, ಒಳಗಿನ ಒತ್ತಾದ ತುಪ್ಪಳ ಕುರುಬರ ಕಂಬಳಿಯಂಗ ಬಿಸಿ ಗಾಳಿ ಹಿಡದಿಡತೈತಿ. ಒಳಪದರ ಬ್ಯಾಸಗಿ ಹೊತ್ತಿಗೆ ಉದುರತೈತಿ. ಮಲಗೂ ಮುಂದ ಸುತ್ತಿಕೊಂಡು ಬಾಲ ಮೂಗಿನ ಮ್ಯಾಲ ಹಾಕ್ಕೋತಾವ, ಒಲಿ ಬೂದ್ಯಾಗ ಮಲಗಿದ ನಾಯಿಯಂಗ. ಪಾದದ್ದು ಬ್ಯಾರೆ ಹಿಕಮತ್ತು. ಕೆಳಗಿಳಿಯೂ ಬಿಸಿ ರಕ್ತದ ನಾಳ, ಮ್ಯಾಲೇರೂ ತಣ್ಣನ ರಕ್ತದ ನಾಳ ಬಾಜೂಕ ಬಾಜೂಕ ಇರತಾವ, ಬಿಸಿ ಅಲ್ಲೇ ದಾಟಿ ಮೈಗೆ ವಾಪಸ್ ಹೋಗತೈತಿ. ಪಾದ ಹೆಪ್ಪುಗಟ್ಟದಷ್ಟ ಬೆಚ್ಚಗಿದ್ರ ಸಾಕು.

ಖರೇ ಅಂದ್ರ ಥಂಡಿಗಿಂತ ಹಸಿವು ದೊಡ್ಡದು. ಒಮ್ಮೆ ಬೇಟೆ ಸಿಕ್ಕರ 9 ಕಿಲೋತನಾ ತಿಂದು ಆಮ್ಯಾಲ ಎಷ್ಟೋ ದಿನ ಬರೀ ಹೊಟ್ಟಿಲೇ ಇರತಾವ. ಮೂಸ್ (ಭಾಳ ದೊಡ್ಡ ಜಾತಿ ಜಿಂಕಿ) ಒದ್ದರ ಪಕ್ಕೆಲುಬು ಮುರೀತಾವ, ಅಂಥಾ ತೋಳ ಉಳಿಯೂದು ಕಷ್ಟ. ಆದರ ಆಳವಾದ ಹಿಮ ಬಿದ್ದಾಗ ಎಲ್ಕ್ (ಇದೂ ದೊಡ್ಡ ಜಾತಿ ಜಿಂಕಿ), ಸಣ್ಣ ಜಿಂಕಿ ಕಾಲು ಹೂತು ಸೋಲತಾವ. ಹಿಂಡು ಸಾಲಾಗಿ, ಮುಂದಿನದ್ದರ ಹೆಜ್ಜ್ಯಾಗ ಹೆಜ್ಜಿ ಇಟ್ಟು ಹೋಗತೈತಿ, ಹಿಂಗಾಗಿ ದಾರಿ ಮಾಡೂ ಶ್ರಮ ಮುಂದಿನದಕ್ಕ ಅಷ್ಟ. ಹೆಪ್ಪುಗಟ್ಟಿದ ನದಿ ಅವಕ್ಕ ಡಾಂಬರ ರಸ್ತೆ ಇದ್ದಂಗ.

ಪಾರ್ಕಿಗೆ ಹೋದರ 100 ಮೀಟರ್ ದೂರ ಇರು, ಊಟದ ಡಬ್ಬಿ ಹೊರಗ ಬಿಡಬ್ಯಾಡ. ತೋಳ ಸಮೀಪ ಬಂದ್ರ ಓಡಬ್ಯಾಡ. ಮುಖ ಅದರ ಕಡೇನ ಇಟ್ಟು, ಕೈ ಎತ್ತಿ ಒದರು, ಹಿಂದಹಿಂದಕ ಸರಿ. ಕರಡಿ ಸ್ಪ್ರೇ (ಪ್ರಾಣಿ ಓಡಿಸೂ ಖಾರದ ಸ್ಪ್ರೇ) ಜಾಕೆಟ್ ಒಳಗ ಇಟ್ಕೋ, ಥಂಡಿ ಹತ್ತಿದ್ರ ಒತ್ತಡ ಇಳದು ದೂರ ಹಾರೂದಿಲ್ಲ.

ಮತ್ತ, ಮನುಷ್ಯಾರ ಮ್ಯಾಲ ತೋಳ ಬೀಳೂದು ಭಾಳ ಅಪರೂಪ. ಸಂಜಿಮುಂದ ಜಾಸ್ಪರ್ ರಸ್ತೆ ದಾಟೂ ಎಲ್ಕ್‌ಗೆ ಹೆಚ್ಚು ಅಂಜು: ಒಂದು ದಾಟಿತಂತ ಗಾಡಿ ಜೋರು ಬಿಡಬ್ಯಾಡ, ಹಿಂದ ಇನ್ನೊಂದು ಬರತಿರತೈತಿ.