ಮುಂಗಾರಿನ ನಾಡಿನಲ್ಲಿ ಜುನಿಪರ್ ಬೋನ್ಸಾಯ್

ಪ್ರಶ್ನೆ: ಮಡಿಕೇರಿ ಸಮೀಪದ ಕಾಫಿ ತೋಟದಲ್ಲಿ ನಮ್ಮ ಮನೆ. ಎರಡು ವರ್ಷಗಳ ಹಿಂದೆ ನರ್ಸರಿಯಿಂದ ತಂದ ಜುನಿಪರ್ ಎಂಬ ಸೂಚಿಪರ್ಣಿ ಗಿಡವೊಂದು ಅದೇ ಕುಂಡದಲ್ಲಿದೆ. ಗಾಳಿಗೆ ಒಂದೇ ಕಡೆ ವಾಲಿದ ಮರದಂತೆ ಅದನ್ನು ರೂಪಿಸುವ ಆಸೆಯಿದೆ. ದಟ್ಟವಾಗಲೆಂದು ವಾರಕ್ಕೊಮ್ಮೆ ಕುಡಿ ಚಿವುಟುತ್ತೇನೆ. ಮಳೆಗಾಲದಲ್ಲಿ ಜಗಲಿಯ ಒಳಗೆ ಇಡುತ್ತೇನೆ. ಈಗ ಒಳಭಾಗದ ಎಲೆಗಳು ಕಂದಾಗಿ ಉದುರುತ್ತಿವೆ, ಕೆಲವು ತುದಿಗಳೂ ಒಣಗಿವೆ. ಈ ಬೇಸಿಗೆಯಲ್ಲಿ ಕುಂಡ ಬದಲಿಸಿ, ಜೊತೆಗೇ ತಂತಿ ಕಟ್ಟಿ ಆಕಾರ ಕೊಡಬಹುದೇ?

ಉತ್ತರ: ಎರಡನ್ನೂ ಒಟ್ಟಿಗೆ ಮಾಡಬೇಡಿ. ಬೇರಿಗೆ ಕತ್ತರಿ ಹಾಕಿದ ತಿಂಗಳಲ್ಲೇ ರೆಂಬೆಗಳನ್ನು ಬಾಗಿಸಿದರೆ ಜುನಿಪರ್ ತಾಳಿಕೊಳ್ಳುವುದು ಕಷ್ಟ, ಅದರಲ್ಲೂ ಈಗಾಗಲೇ ಬಳಲಿರುವ ಗಿಡಕ್ಕೆ ಅದು ಪ್ರಾಣಾಂತಿಕ. ಮೊದಲು ಗಿಡ ಏಕೆ ಬಳಲಿದೆ ಎಂದು ತಿಳಿಯೋಣ.

ಒಳಭಾಗದ ಹಳೆಯ ಎಲೆಗಳು ಸ್ವಲ್ಪ ಕಂದಾಗಿ ಉದುರುವುದು ಸಹಜ. ಆದರೆ ತುದಿಗಳೂ ಒಣಗುತ್ತಿವೆ ಎಂದು ನೀವು ಬರೆದಿದ್ದೀರಿ, ಅದು ಸಹಜವಲ್ಲ. ಒಂದು ಬಿಳಿ ಕಾಗದವನ್ನು ರೆಂಬೆಯ ಕೆಳಗೆ ಹಿಡಿದು ಮೆಲ್ಲಗೆ ತಟ್ಟಿ. ಉದುರಿದ ಧೂಳಿನ ಕಣಗಳಲ್ಲಿ ಕೆಲವು ಹರಿದಾಡಿದರೆ ಅದು ಕೆಂಪು ನುಸಿ. ಬಿಸಿಲು ಕಾಲದ ಒಣ ಹವೆಯಲ್ಲಿ ಹೆಚ್ಚುವ ಈ ನುಸಿಯನ್ನು ಎಲೆಗಳ ಒಳಮೈಗೆ ಬೀಳುವಂತೆ ನೀರಿನ ಬಿರುಸು ಧಾರೆ ಹಾಯಿಸಿ ಬಹುಪಾಲು ತೊಳೆದುಹಾಕಬಹುದು. ಕಾಗದದ ಮೇಲೆ ಏನೂ ಚಲಿಸದೆ, ಎಳೆ ತುದಿಗಳು ಮಳೆಗಾಲದಲ್ಲಿಯೇ ಕಂದಾಗಿ ಬೂದು ಬಣ್ಣಕ್ಕೆ ತಿರುಗಿದ್ದರೆ ಅದು ಫೋಮಾಪ್ಸಿಸ್ ಎಂಬ ಶಿಲೀಂಧ್ರದಿಂದ ಬರುವ ತುದಿ ಒಣಗು ರೋಗವಿರಬಹುದು. ಆ ತುದಿಗಳನ್ನು ಒಣ ಹವೆಯಿರುವ ದಿನ ಕತ್ತರಿಸಿ ಸುಟ್ಟುಬಿಡಿ. ಕಾಳುಮೆಣಸಿನ ಬಳ್ಳಿಗೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣ ನಿಮ್ಮ ತೋಟದಲ್ಲಿ ತಯಾರಾಗುವುದೇ ಆದರೆ, ಮುಂಗಾರಿಗೆ ಮುನ್ನ ಅದೇ ದಿನ ಕಲಸಿದ ದ್ರಾವಣವನ್ನು ಮೊದಲು ಒಂದು ರೆಂಬೆಗೆ ಸಿಂಪಡಿಸಿ ನೋಡಿ, ತೊಂದರೆಯಿಲ್ಲದಿದ್ದರೆ ಇಡೀ ಗಿಡಕ್ಕೆ ಸಿಂಪಡಿಸಬಹುದು.

ಆದರೂ ನಿಮ್ಮ ಗಿಡದ ಮುಖ್ಯ ತೊಂದರೆ ಜಗಲಿಯೇ ಎಂಬುದು ನನ್ನ ಅಭಿಪ್ರಾಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯ ಸುತ್ತ ಬಯಲಿನಲ್ಲೇ ಬೆಳಕು ಕಡಿಮೆ. ಜಗಲಿಯೊಳಗೆ ಅದರ ಒಂದು ಪಾಲೂ ಇರುವುದಿಲ್ಲ. ಜುನಿಪರ್ ಬೆಟ್ಟದ ಬಿಸಿಲಿಗೆ ಒಗ್ಗಿದ ಮರ. ನಮ್ಮ ದೇಶದಲ್ಲಿ ಅದು ಕಾಡುಮರವಾಗಿ ಬೆಳೆಯುವುದು ಹಿಮಾಲಯದ ಎತ್ತರದಲ್ಲೇ ಹೊರತು ಪಶ್ಚಿಮಘಟ್ಟದಲ್ಲಲ್ಲ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಅದಕ್ಕೆ ಬೇಕು. ಹಾಗೆಂದು ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕುಂಡವನ್ನು ಒಡ್ಡಿಬಿಟ್ಟರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಅಂಗಳದಲ್ಲಿ ಅಥವಾ ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ನಾಲ್ಕು ಕಂಬ ನೆಟ್ಟು, ಮೇಲೆ ಮಾತ್ರ ಪಾರದರ್ಶಕ ಹಾಳೆ ಹೊದಿಸಿ, ಸುತ್ತಲೂ ಗಾಳಿಯಾಡುವಂತೆ ತೆರೆದಿಡುವುದೇ ಇದಕ್ಕೆ ಪರಿಹಾರ. ಸೂರಿನ ನೀರು ಬೀಳುವ ಜಾಗವನ್ನು ಖಂಡಿತ ತಪ್ಪಿಸಿ. ಹಾಳೆ ಹೊದಿಸಲಾಗದಿದ್ದರೆ ಕುಂಡದ ಒಂದು ಬದಿಗೆ ಮರದ ತುಂಡು ಕೊಟ್ಟು ವಾಲಿಸಿಡಿ. ಇಳಿಜಾರಾದ ಕುಂಡದಿಂದ ನೀರು ಹೆಚ್ಚು ಬಸಿಯುತ್ತದೆ.

ನಾನು ಬೆಳೆಸಿದ ಮೊದಲ ಜುನಿಪರ್ ಸತ್ತದ್ದು ಹೀಗೆಯೇ. ಜುಲೈಯಲ್ಲಿ ಅದರ ಬೇರು ಕೊಳೆತಿತ್ತು, ಎಲೆ ಮಾತ್ರ ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದವರೆಗೂ ಹಸಿರಾಗಿಯೇ ಇತ್ತು. ಬೇರು ಸತ್ತ ಮೇಲೂ ಜುನಿಪರ್ ಹಲವು ವಾರ ಹಸಿರಾಗಿ ಉಳಿಯುತ್ತದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಆದ್ದರಿಂದ ಎಲೆಯ ಬಣ್ಣವನ್ನು ನಂಬದೆ ತುದಿಗಳನ್ನು ನೋಡಿ. ತಿಳಿಹಸಿರು ಕುಡಿ ಮುಂದಕ್ಕೆ ಚಾಚುತ್ತಿದ್ದರೆ ಬೇರು ಕೆಲಸ ಮಾಡುತ್ತಿದೆ ಎಂದರ್ಥ.

ಈ ಕಾರಣಕ್ಕಾಗಿಯೇ ಮೊದಲ ಕೆಲಸ ಕುಂಡ ಬದಲಾವಣೆಯಾಗಬೇಕು. ಅದಕ್ಕೆ ಜನವರಿ ಕೊನೆಯಿಂದ ಫೆಬ್ರವರಿವರೆಗಿನ ಸಮಯ ನಮ್ಮಲ್ಲಿ ಅನುಕೂಲ. ಮುಂಗಾರು ಹಿಡಿಯುವಷ್ಟರಲ್ಲಿ ಹೊಸ ಬೇರಿಗೆ ಮೂರು ನಾಲ್ಕು ತಿಂಗಳು ಸಿಗುತ್ತದೆ. ಜಪಾನಿನ ಅಕಡಾಮ ಮಣ್ಣು ದುಬಾರಿ, ಅದಿಲ್ಲದೆಯೂ ನಡೆಯುತ್ತದೆ. ಮೂರರಿಂದ ಐದು ಮಿಲಿಮೀಟರ್ ಗಾತ್ರಕ್ಕೆ ಪುಡಿಮಾಡಿದ ಇಟ್ಟಿಗೆ, ಅದೇ ಗಾತ್ರದ ಜಲ್ಲಿ ಅಥವಾ ದಪ್ಪ ಮರಳು, ಇವುಗಳ ಜೊತೆ ಸ್ವಲ್ಪವೇ ಎಲೆಗೊಬ್ಬರ ಸಾಕು. ಜರಡಿ ಹಿಡಿದು ನುಣ್ಣನೆಯ ಪುಡಿಯನ್ನು ಪೂರ್ತಿ ತೆಗೆಯುವುದು ಮಾತ್ರ ಬಹಳ ಮುಖ್ಯ, ಏಕೆಂದರೆ ನೀರು ನಿಲ್ಲುವುದು ಆ ಪುಡಿಯಿಂದಲೇ. ತೋಟದ ಕೆಂಪು ಮಣ್ಣನ್ನು ಬೆರೆಸಬೇಡಿ. ಬೇರಿನ ಮುದ್ದೆಯನ್ನು ಒಮ್ಮೆಲೇ ತೊಳೆದು ಬರಿದು ಮಾಡದೆ ಸುಮಾರು ಮೂರನೇ ಒಂದು ಭಾಗದಷ್ಟನ್ನು ಮಾತ್ರ ತೆಗೆದು, ಗಿಡ ಅಲುಗಾಡದಂತೆ ಕುಂಡಕ್ಕೆ ತಂತಿಯಿಂದ ಬಿಗಿದು, ಎರಡು ಮೂರು ವಾರ ಅರೆನೆರಳಿನಲ್ಲಿಡಿ. ಆ ದಿನಗಳಲ್ಲಿ ಗೊಬ್ಬರ ಬೇಡ. ನೀರು ಬೇಕೇ ಎಂದು ತಿಳಿಯಲು ಬಿದಿರ ಕಡ್ಡಿಯೊಂದನ್ನು ಮಣ್ಣಿನಲ್ಲಿ ಚುಚ್ಚಿಟ್ಟು, ಹೊರತೆಗೆದು ಮುಟ್ಟಿ ನೋಡಿ. ಅದು ಬಹುತೇಕ ಒಣಗಿದಾಗ, ತಳದ ರಂಧ್ರದಿಂದ ಹರಿಯುವಷ್ಟು ನೀರು ಕೊಡಿ.

ಕುಡಿ ಚಿವುಟುವುದನ್ನು ಇಂದೇ ನಿಲ್ಲಿಸಿ. ಇದು ಹಳೆಯ ಪುಸ್ತಕಗಳಿಂದ ಬಂದ ಅಭ್ಯಾಸ. ಗಿಡದ ಶಕ್ತಿಯಿರುವುದು ಆ ಬೆಳೆಯುವ ತುದಿಗಳಲ್ಲಿಯೇ. ಎಲ್ಲವನ್ನೂ ಪದೇಪದೇ ತೆಗೆದರೆ ಗಿಡ ಸೊರಗುತ್ತದೆ. ಜಪಾನಿನ ಶಿಂಪಾಕು ಜುನಿಪರ್‌ನಂತಹ, ಚಿಪ್ಪಿನಂಥ ಎಲೆಯ ಬಗೆಗಳಾದರೆ ಆ ಒತ್ತಡಕ್ಕೆ ಮತ್ತೆ ಮುಳ್ಳುಮುಳ್ಳಾದ ಎಳೆಯ ಎಲೆ ಬಿಡುತ್ತವೆ. ಕುಡಿಗಳನ್ನು ಉದ್ದಕ್ಕೆ ಬಿಟ್ಟು, ಆಕಾರದಿಂದ ಹೊರಚಾಚಿದವನ್ನಷ್ಟೇ ಕವಲಿನವರೆಗೆ ಹಿಂದಕ್ಕೆ ಕತ್ತರಿಸಿ. ಹಸಿರಿಲ್ಲದ ಬರಿ ರೆಂಬೆಯಲ್ಲಿ ಜುನಿಪರ್ ಸಾಮಾನ್ಯವಾಗಿ ಮತ್ತೆ ಚಿಗುರುವುದಿಲ್ಲವಾದ್ದರಿಂದ ಉಳಿಸಬೇಕೆಂದಿರುವ ಪ್ರತಿ ರೆಂಬೆಯಲ್ಲೂ ಹಸಿರು ಇರಲೇಬೇಕು.

ಇನ್ನು ಆಕಾರದ ಮಾತು. ಕುಂಡ ಬದಲಿಸಿದ ಗಿಡ ಮಳೆಗಾಲ ದಾಟಿ ಚೆನ್ನಾಗಿ ಬೆಳೆದಿದ್ದರೆ ಹುತ್ತರಿ ಸುಗ್ಗಿ ಹಬ್ಬದ ಹೊತ್ತಿಗೆ (ನವೆಂಬರ್ ಕೊನೆ-ಡಿಸೆಂಬರ್) ತಂತಿ ಕಟ್ಟಬಹುದು. ಬೆಳೆದಿಲ್ಲವಾದರೆ ಇನ್ನೊಂದು ವರ್ಷ ಬಿಟ್ಟುಬಿಡಿ. ಗಾಳಿಗೆ ವಾಲಿದ ಮರದ ಶೈಲಿಗೆ ಜಪಾನೀಯರು ಫುಕಿನಾಗಶಿ ಎನ್ನುತ್ತಾರೆ. ಅದನ್ನು ಚಿತ್ರ ನೋಡಿ ಕಲಿಯುವ ಅಗತ್ಯ ನಿಮಗಿಲ್ಲ. ಕೊಡಗಿನ ತಡಿಯಂಡಮೋಳ್ ಬೆಟ್ಟ ಏರುವ ದಾರಿಯಲ್ಲಿ, ಹುಲ್ಲುಗಾವಲಿಗೆ ತಾಗಿದ ಶೋಲಾ ಕಾಡಿನ ಅಂಚಿನಲ್ಲಿ ನಿಂತು ನೋಡಿ. ಪಶ್ಚಿಮದ ಗಾಳಿಗೆ ಎದುರಾದ ಬದಿಯಲ್ಲಿ ರೆಂಬೆ ವಿರಳ, ಇರುವವೂ ಕಾಂಡವನ್ನು ಸುತ್ತಿಕೊಂಡು ಗಾಳಿಗೆ ಮರೆಯಾದ ಬದಿಗೆ ತಿರುಗಿರುತ್ತವೆ. ಕಾಂಡವೂ ಅತ್ತಲೇ ವಾಲಿರುತ್ತದೆ. ಹೊಸಬರು ತಪ್ಪುವುದು ಇಲ್ಲಿಯೇ: ಕಾಂಡವನ್ನು ನೆಟ್ಟಗೆ ಬಿಟ್ಟು ರೆಂಬೆಗಳನ್ನು ಮಾತ್ರ ಒಂದು ಕಡೆಗೆ ಎಳೆಯುತ್ತಾರೆ, ಆಗ ಮರ ಬಾಚಿದ ಕೂದಲಿನಂತೆ ಕಾಣುತ್ತದೆ. ಕಾಂಡದ ವಾಲು, ಪ್ರತಿ ರೆಂಬೆ ಮತ್ತು ಅದರ ತುದಿಯ ಸಣ್ಣ ಕವಲು, ಎಲ್ಲವೂ ಒಂದೇ ಗಾಳಿಗೆ ಮಣಿದಿರಬೇಕು.

ತಂತಿಯ ದಪ್ಪ ರೆಂಬೆಯ ದಪ್ಪದ ಮೂರನೇ ಒಂದರಷ್ಟಿದ್ದು, ಸುಮಾರು 45 ಡಿಗ್ರಿ ಓರೆಯಲ್ಲಿ ಸುತ್ತಿ ಬರಲಿ. ಹೊಸ ಕೈಗೆ ತಾಮ್ರಕ್ಕಿಂತ ಅಲ್ಯೂಮಿನಿಯಂ ತಂತಿ ಸುಲಭ. ದಪ್ಪ ರೆಂಬೆಗೆ ರಾಫಿಯಾ ನಾರಿನ ಬದಲು ನೆನೆಸಿದ ಬಾಳೆನಾರನ್ನು ಬಿಗಿಯಾಗಿ ಸುತ್ತಿ, ಅದರ ಮೇಲೆ ತಂತಿ ಹಾಕಿ, ಸ್ವಲ್ಪ ಸ್ವಲ್ಪವಾಗಿ ಬಾಗಿಸಿ. ಬೆಳವಣಿಗೆ ಚುರುಕಾಗುವ ಮಾರ್ಚ್‌ನಿಂದ ಹದಿನೈದು ದಿನಕ್ಕೊಮ್ಮೆ ನೋಡುತ್ತಿರಿ. ತೊಗಟೆಗೆ ತಂತಿ ಕಚ್ಚತೊಡಗಿದರೆ ಬಿಚ್ಚಲು ಹೋಗದೆ ತುಂಡುತುಂಡಾಗಿ ಕತ್ತರಿಸಿ ತೆಗೆಯಿರಿ.

ಗಾಳಿಗೆ ಎದುರಾದ ಬದಿಯ ಬೇಡದ ರೆಂಬೆಗಳನ್ನು ಬುಡಸಮೇತ ಕತ್ತರಿಸದೆ, ಎರಡು ಅಂಗುಲ ಉಳಿಸಿ ತೊಗಟೆ ಸುಲಿದರೆ ಅವು ಜಿನ್ ಎನ್ನುವ ಒಣ ಕೊಂಬುಗಳಾಗುತ್ತವೆ. ನಮ್ಮ ತೇವದಲ್ಲಿ ಅವು ಬೇಗ ಶಿಥಿಲವಾಗುವುದರಿಂದ ಮುಂಗಾರಿಗೆ ಮುನ್ನ ಸುಣ್ಣ ಮತ್ತು ಗಂಧಕದ ದ್ರಾವಣವನ್ನು ಕುಂಚದಿಂದ ಸವರಿ. ಕೈಗವಸು, ಕನ್ನಡಕ ಧರಿಸಿ, ಬಯಲಿನಲ್ಲಿ ಮಾಡಿ. ಮಣ್ಣಿಗೆ ಮತ್ತು ಎಲೆಗೆ ತಾಗದಂತೆ ಬಟ್ಟೆ ಮುಚ್ಚಿ.

ಪ್ರಶ್ನೆ: ನಾವು ಕುಶಾಲನಗರದವರು. ಉಡುಗೊರೆಯಾಗಿ ಬಂದ ಪುಟ್ಟ ಜುನಿಪರ್ ಅನ್ನು ಓದುವ ಮೇಜಿನ ಮೇಲೆ ಇಟ್ಟುಕೊಳ್ಳಬಹುದೇ?

ಉತ್ತರ: ಇಡಬಾರದು. ಅತಿಥಿಗಳು ಬಂದಾಗ ಒಂದೆರಡು ದಿನ ಒಳಗೆ ತಂದರೆ ತೊಂದರೆಯಿಲ್ಲ, ನಂತರ ಹೊರಗೆ ಹೋಗಲೇಬೇಕು. ಕುಶಾಲನಗರದಲ್ಲಿ ಮಡಿಕೇರಿಗಿಂತ ಮಳೆ ಬಹಳ ಕಡಿಮೆಯಾದ್ದರಿಂದ ವರ್ಷದ ಹೆಚ್ಚಿನ ಕಾಲ ನಿಮ್ಮ ಗಿಡ ತಾರಸಿಯ ಬಿಸಿಲಿನಲ್ಲಿಯೇ ಇರಬಹುದು. ಏಪ್ರಿಲ್‌ನಲ್ಲಿ ಆಳವಿಲ್ಲದ ಕುಂಡ ಬೇಗ ಕಾಯುತ್ತದೆ. ಆ ತಿಂಗಳು ಬೆಳಗಿನ ಬಿಸಿಲು ಸಿಕ್ಕಿ ಮಧ್ಯಾಹ್ನದ ಬಿಸಿಲು ತಪ್ಪುವ ಕಡೆಗೆ ಸರಿಸಿ, ಬೆಳಿಗ್ಗೆ ಸಂಜೆ ಎರಡು ಹೊತ್ತೂ ಮಣ್ಣು ಮುಟ್ಟಿ ನೋಡಿ ನೀರು ಕೊಡಿ. ಉಡುಗೊರೆಯ ಗಿಡಗಳಲ್ಲಿ ಎಷ್ಟೋ ಸಲ ಮಣ್ಣಿನ ಮೇಲೆ ಬೆಣಚುಕಲ್ಲುಗಳನ್ನು ಅಂಟಿನಿಂದ ಕೂರಿಸಿರುತ್ತಾರೆ. ನಿಮ್ಮದರಲ್ಲಿ ಹಾಗಿದ್ದರೆ ಬೇರಿಗೆ ಪೆಟ್ಟಾಗದಂತೆ ಅವನ್ನು ಮೊದಲು ಕಿತ್ತುಹಾಕಿ. ಆ ಪದರದಡಿ ಮಣ್ಣು ಒಣಗಿದೆಯೋ ಒದ್ದೆಯಾಗಿದೆಯೋ ತಿಳಿಯುವುದೇ ಇಲ್ಲ.