ಅಡ್ಡಬಿಲ್ಲಿನ ಬಾಣಕ್ಕೆ ಎಂಥ ಅಲಗು?

ಪ್ರಶ್ನೆ: ನಾನು ಅಮೆರಿಕದ ಒಹಾಯೊದಲ್ಲಿದ್ದೇನೆ. ಬೇಟೆಯ ಪರವಾನಗಿ ಪಡೆದು ಸೆಕೆಂಡಿಗೆ 400 ಅಡಿ ವೇಗದಲ್ಲಿ ಬಾಣ ಬಿಡುವ ಕ್ರಾಸ್‌ಬೋ, ಅಂದರೆ ಅಡ್ಡಬಿಲ್ಲು, ಕೊಂಡಿದ್ದೇನೆ. ಬಿಳಿಬಾಲದ ಜಿಂಕೆಗೆ ಇದು ನನ್ನ ಮೊದಲ ಹಂಗಾಮು. ತಗುಲಿದಾಗ 2 ಇಂಚು ಅಗಲಕ್ಕೆ ಬಿಚ್ಚಿಕೊಳ್ಳುವ ಬ್ರಾಡ್‌ಹೆಡ್ಡೇ (ಬಾಣದ ತುದಿಗೆ ಹಾಕುವ ಬೇಟೆಯ ಅಲಗು) ಒಳ್ಳೆಯದು ಎಂದು ಅಂಗಡಿಯವರು ಹೇಳುತ್ತಾರೆ. ಬಿಚ್ಚದ, ಸ್ಥಿರ ಅಲಗನ್ನೇ ಕೊಳ್ಳಿ ಎನ್ನುತ್ತಾರೆ ಗೆಳೆಯರು. ಯಾರ ಮಾತು ಕೇಳಲಿ?

ಉತ್ತರ: ಮೊದಲ ಹಂಗಾಮಿಗೆ ಗೆಳೆಯರ ಮಾತು ಕೇಳಿ. ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಅಗಲವಾದ ಗಾಯದಿಂದ ರಕ್ತ ಹೆಚ್ಚು ಹರಿಯುತ್ತದೆ, ಜಾಡು ಹಿಡಿಯುವುದು ಸುಲಭ. ಆದರೆ ಅಲಗು ಬಿಚ್ಚಿಕೊಳ್ಳುವುದಕ್ಕೂ ಬಾಣದ ಬಲವೇ ಖರ್ಚಾಗಬೇಕು. ಓರೆಯಾಗಿ ಪಕ್ಕೆಲುಬಿಗೆ ಬಡಿದರೆ ದಾರಿ ತಪ್ಪಬಹುದು. ಸ್ಥಿರ ಅಲಗಿನಲ್ಲಿ ಕೈಕೊಡುವ ಕೀಲುಗಳೇ ಇಲ್ಲ.

ಹಾಗೆಂದು ದೊಡ್ಡ ಸ್ಥಿರ ಅಲಗನ್ನು ಆರಿಸಬೇಡಿ. 400 ಅಡಿ ವೇಗದಲ್ಲಿ ಅದು ಬಾಣದ ಮುಂದುಗಡೆ ರೆಕ್ಕೆಯಾಗಿಬಿಡುತ್ತದೆ; ಹಿಂದಿನ ಗರಿ ಒಂದು ಕಡೆ ಒಯ್ದರೆ ಇದು ಇನ್ನೊಂದು ಕಡೆ ಎಳೆಯುತ್ತದೆ. ಸುಮಾರು ಒಂದು ಇಂಚು ಅಗಲದ, ಗಿಡ್ಡನೆಯ ಮೂರಲಗಿನದು ಸಾಕು. ಒಹಾಯೊದ ನಿಯಮ ಕೇಳುವುದು ಕನಿಷ್ಠ ಮುಕ್ಕಾಲು ಇಂಚು ಅಗಲ. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ 7/8 ಇಂಚು. (ಊರಿನ ಓದುಗರು ಇದನ್ನು ಅಲ್ಲಿಗೆ ಅನ್ವಯಿಸಿಕೊಳ್ಳಬಾರದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ.)

ಅಲಗಿನ ತೂಕ ಸಾಮಾನ್ಯವಾಗಿ 100 ಅಥವಾ 125 ಗ್ರೇನ್. 100 ಗ್ರೇನ್ ಎಂದರೆ ಸುಮಾರು ಆರೂವರೆ ಗ್ರಾಂ. ಬಿಲ್ಲಿನ ಕೈಪಿಡಿಯಲ್ಲಿ ಹೇಳಿದ ಕನಿಷ್ಠ ತೂಕಕ್ಕಿಂತ ಇಡೀ ಬಾಣ ಹಗುರವಾದರೆ, ಬಾಣವಿಲ್ಲದೆ ಹೆದೆ ಬಿಟ್ಟಂಥ ಪೆಟ್ಟು ಬಿಲ್ಲಿಗೆ ಬೀಳಬಹುದು. ಇಲ್ಲಿ ಜಾಣತನ ತೋರಿಸಲು ಹೋಗಬೇಡಿ.

ಕೊಂಡ ಮೇಲಿನ ಪರೀಕ್ಷೆಯೇ ಮುಖ್ಯ. ಅಲಗನ್ನು ಬರಿಗೈಯಲ್ಲಿ ಬಿಗಿಸದೆ, ಜೊತೆಗೆ ಬರುವ ಪುಟ್ಟ ಪಾನಾದಿಂದ ತಿರುಗಿಸಿ. ಬಳಿಕ ಮೊನೆಯನ್ನು ಹಲಗೆಯ ಮೇಲೂರಿ ಬಾಣವನ್ನು ಬುಗುರಿಯಂತೆ ತಿರುಗಿಸಿ ನೋಡಿ: ಅಲಗಿನ ಬುಡ ತೊನೆದರೆ ಆ ಜೋಡಣೆ ನೆಟ್ಟಗಿಲ್ಲ, ಅದನ್ನು ಬೇಟೆಗೆ ಒಯ್ಯಬೇಡಿ. ನೆಟ್ಟಗಿದ್ದರೆ 20 ಗಜದಿಂದ, ಆಮೇಲೆ 30 ಗಜದಿಂದ, ಬ್ರಾಡ್‌ಹೆಡ್ಡಿಗೆಂದೇ ಮಾಡಿದ ಫೋಮ್ ಗುರಿಗೆ ಹೊಡೆಯಿರಿ. ಪ್ರತಿ ಬಾಣಕ್ಕೂ ಬೇರೆ ಚುಕ್ಕೆ ಇರಲಿ. ಒಂದೇ ಚುಕ್ಕೆಗೆ ಹೊಡೆದರೆ ಎರಡನೆಯ ಬಾಣ ಮೊದಲನೆಯದರ ಗರಿ ಕತ್ತರಿಸುತ್ತದೆ, ದುಡ್ಡು ದಂಡ. ಎಲ್ಲವೂ ಚುಕ್ಕೆಯಿಂದ ಒಂದೇ ದಿಕ್ಕಿಗೆ, ಒಂದೇ ಅಂತರದಲ್ಲಿ ಸರಿದಿದ್ದರೆ ಸ್ಕೋಪ್ (ಗುರಿ ನೋಡುವ ದುರ್ಬೀನು) ಹೊಂದಿಸಿಕೊಳ್ಳಿ. ಚೆಲ್ಲಾಪಿಲ್ಲಿಯಾದರೆ ಬೇರೆ ಅಲಗು ನೋಡಿ. ಫೋಮ್‌ಗೆ ಹೊಡೆದ ಅಲಗು ಮೊಂಡಾಗಿರುತ್ತದೆ. ಬೇಟೆಗೆ ಹೊಸದನ್ನು ಹಾಕಿ.

ಯಾವ ಅಲಗಾದರೂ ಜಿಂಕೆ ಪೂರ್ತಿ ಪಕ್ಕಕ್ಕೆ ತಿರುಗಿ ನಿಂತಾಗ, ಮುಂಗಾಲಿನ ತುಸು ಹಿಂದೆ, ಎರಡೂ ಶ್ವಾಸಕೋಶ ಸಿಗುವಂತೆ ಹೊಡೆಯಬೇಕು. ಗುಂಡಿನ ಆಘಾತ ಬಾಣಕ್ಕಿಲ್ಲ. ಅದು ಕೊಲ್ಲುವುದು ರಕ್ತ ಹರಿಸಿ.

2 ಇಂಚಿನದನ್ನು ಆಗಲೇ ಕೊಂಡಿದ್ದರೆ, ಪೊಟ್ಟಣದ ಮೇಲೆ ಕ್ರಾಸ್‌ಬೋಗೆ ಎಂದು ಬರೆದಿದೆಯೇ ನೋಡಿ. ಸಾಮಾನ್ಯ ಬಿಲ್ಲಿಗೆಂದು ಮಾಡಿದವು ಕ್ರಾಸ್‌ಬೋ ಹೆದೆಯ ಜಗ್ಗುವಿಕೆಗೇ ಗಾಳಿಯಲ್ಲಿ ಬಿಚ್ಚಿಕೊಳ್ಳಬಹುದು. ಬರೆದಿಲ್ಲವಾದರೆ ರಸೀದಿ ಹಿಡಿದು ಅಂಗಡಿಗೆ ಹಿಂದಿರುಗಿಸಿ.