ಅಕ್ಕಪಕ್ಕದ ದೇಶಗಳ ಶಿಕ್ಷಣ ನಮಗಿಂತ ಮೇಲಾ?

"ನೆರೆ ದೇಶಗಳಲ್ಲಿ ಯಾರ ಶಿಕ್ಷಣ ವ್ಯವಸ್ಥೆ ಚೆನ್ನಾಗಿದೆ? ಶ್ರೀಲಂಕಾ ನಮಗಿಂತ ಮುಂದಿದೆ ಅಂತಾರೆ, ನಿಜಾನಾ?" ಅಂತ ಕೇಳಿದ್ದೀರಿ. ನಾನು ಮೂಡಿಗೆರೆ ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ಮೇಷ್ಟ್ರು. ಸಾಕ್ಷರತೆಯ ಪಟ್ಟಿ ಹಿಡಿದು ಹೋಲಿಸುವುದು ನನಗೆ ರುಚಿಸುವುದಿಲ್ಲ. ಯಾವ ತರಗತಿಯಲ್ಲಿ ಮಕ್ಕಳನ್ನು ಜರಡಿ ಹಿಡಿಯುತ್ತಾರೆ, ಆಗ ಹೊರಗುಳಿದವರಿಗೆ ಮುಂದೇನು ದಾರಿ, ಅಷ್ಟನ್ನೇ ನೋಡುತ್ತೇನೆ.

ಶ್ರೀಲಂಕಾದಲ್ಲಿ ಕನ್ನಂಗರ ಅವರು ಶಿಕ್ಷಣ ಮಂತ್ರಿಯಾಗಿದ್ದಾಗ, 1945ರಲ್ಲೇ, ಶಾಲೆಯಿಂದ ಯೂನಿವರ್ಸಿಟಿವರೆಗೆ ಫೀಸು ತೆಗೆದರು. ನಮ್ಮಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರಲ್ಲಿ, ಅದೂ 6ರಿಂದ 14 ವರ್ಷದವರಿಗೆ ಮಾತ್ರ. ಹಾಗಂತ ಅಲ್ಲಿ ಎಲ್ಲ ಸಲೀಸು ಅಂದುಕೊಳ್ಳಬೇಡಿ. ಐದನೇ ಕ್ಲಾಸಿನಲ್ಲೇ ಒಂದು ಸ್ಕಾಲರ್‌ಶಿಪ್ ಪರೀಕ್ಷೆ. ಒಳ್ಳೆ ಅಂಕ ಬಂದರೆ ಪೇಟೆಯ ಹೆಸರುವಾಸಿ ಸರ್ಕಾರಿ ಶಾಲೆಯಲ್ಲಿ ಸೀಟು. ನಮ್ಮ ಮಕ್ಕಳು ಬಾಳೆಹೊನ್ನೂರಿನ ನವೋದಯಕ್ಕೆ ಬರೆಯುತ್ತಾರಲ್ಲ, ಹೆಚ್ಚುಕಮ್ಮಿ ಹಾಗೇ. ಆದರೆ ಇಲ್ಲಿ ನವೋದಯ ತಪ್ಪಿದರೆ ಮನೆಯಲ್ಲಿ ನಾಲ್ಕು ದಿನ ಬೇಜಾರು, ಆಮೇಲೆ ಮರೆತುಹೋಗುತ್ತದೆ. ಅಲ್ಲಿ ಅಪ್ಪ ಅಮ್ಮ ಎಲ್ಲ ಆ ಪರೀಕ್ಷೆಯ ಹಿಂದೆಯೇ. ಟ್ಯೂಷನ್ ಹಾವಳಿಯೂ ನಮಗಿಂತ ಕಮ್ಮಿಯೇನಿಲ್ಲ.

ನನಗೆ ಹಿಡಿಸಿದ್ದು ಅವರ ಯೂನಿವರ್ಸಿಟಿ ಪ್ರವೇಶ. 13ನೇ ತರಗತಿಯಲ್ಲಿ, ಶಾಲೆಯ ಕೊನೆಗೆ, ಎ ಲೆವೆಲ್ ಅನ್ನುವ ಪರೀಕ್ಷೆ. ಮೆಡಿಕಲ್, ಇಂಜಿನಿಯರಿಂಗ್‌ನಂಥ ಕೋರ್ಸುಗಳಲ್ಲಿ ಸುಮಾರು ಶೇ. 40 ಸೀಟು ಇಡೀ ದೇಶದ ರ‍್ಯಾಂಕಿನ ಮೇಲೆ, ಶೇ. 55 ಜಿಲ್ಲೆಗಳ ಜನಸಂಖ್ಯೆಗೆ ತಕ್ಕಂತೆ, ಶೇ. 5 ಹಿಂದುಳಿದ ಜಿಲ್ಲೆಗಳಿಗೆ. ಅಂದರೆ ಮೊನರಾಗಲದಂಥ ಹಿಂದುಳಿದ ಜಿಲ್ಲೆಯ ಹುಡುಗಿ ಕೊಲಂಬೊದವರನ್ನು ಹಿಂದೆ ಹಾಕಲೇಬೇಕು ಅಂತಿಲ್ಲ, ಅವಳ ಜಿಲ್ಲೆಯಲ್ಲಿ ಮುಂದಿದ್ದರೂ ಆಯಿತು. ನಮ್ಮ ಮೂಡಿಗೆರೆ ಕಡೆಯ ಕೊಟ್ಟಿಗೆಹಾರದ ಮಗುವಿನ ಕತೆ ನೋಡಿ. ಮಳೆಗಾಲದಲ್ಲಿ ಕರೆಂಟ್ ಇರಲ್ಲ, ನೆಟ್‌ವರ್ಕ್ ಇರಲ್ಲ. ನೀಟ್‌ನಲ್ಲಿ ಮಾತ್ರ ಬೆಂಗಳೂರಿನ ಕೋಚಿಂಗ್ ಮಕ್ಕಳ ಜೊತೆ ಪೈಪೋಟಿ. ನಮ್ಮಲ್ಲೂ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮ ಕೋಟಾ, ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇವೆ. ಜಿಲ್ಲೆಗಿಷ್ಟು ಅಂತ ಮಾತ್ರ ಇಲ್ಲ. (ಹೇಳಲೇಬೇಕಾದ ಕಹಿಯೂ ಇದೆ. 1970ರ ದಶಕದ ಶುರುವಿನಲ್ಲಿ ತಮಿಳು ಮಾಧ್ಯಮದವರಿಗೆ ಜಾಸ್ತಿ ಅಂಕ ಬೇಕು ಅಂತ ಶ್ರೀಲಂಕಾ ಸರ್ಕಾರ ನಿಯಮ ಮಾಡಿತು. ಮುಂದಿನ ಜನಾಂಗೀಯ ಗಲಭೆಗೆ ಅದೂ ಒಂದು ಕಾರಣ.)

ಭೂತಾನ್‌ನಲ್ಲಿ ಸರ್ಕಾರಿ ಶಾಲೆಯೇ ಇಂಗ್ಲಿಷ್ ಮೀಡಿಯಂ, ಅವರ ಭಾಷೆ ಜೊಂಗ್ಖಾ ಒಂದು ವಿಷಯ ಅಷ್ಟೇ. ಹಾಗಾಗಿ ಇಂಗ್ಲಿಷಿಗೋಸ್ಕರ ಸರ್ಕಾರಿ ಶಾಲೆ ಬಿಡುವ ಮಾತೇ ಇಲ್ಲ. ಕನ್ನಡ ಪಾಠ ಮಾಡುವ ನನಗೆ ಇದು ಹೊಟ್ಟೆಕಿಚ್ಚೂ ಹೌದು, ಭಯವೂ ಹೌದು. ನೇಪಾಳದಲ್ಲಿ ನಮ್ಮ ಹಾಗೇ ಹತ್ತನೇ ಕ್ಲಾಸಿನ ಪರೀಕ್ಷೆಯದ್ದೇ ಗುಮ್ಮ. ಮೊದಲು ಅದರ ಹೆಸರು ಎಸ್‌ಎಲ್‌ಸಿ, ಈಗ ಎಸ್‌ಇಇ. ನಮ್ಮ ಶಾಲೆಯಲ್ಲಿ ಎಸ್ಟೇಟಿನ ನೇಪಾಳಿ ಕಾವಲುಗಾರರೊಬ್ಬರ ಮಗ ಓದುತ್ತಿದ್ದಾನೆ. ಅವರು ಮೀಟಿಂಗಿಗೆ ಬಂದಾಗಲೆಲ್ಲ "ಸಾರ್, ನಂದು ಗಣಿತದಲ್ಲೇ ಹೋಯ್ತು, ಇವನನ್ನ ನೋಡ್ಕೊಳ್ಳಿ" ಅಂತಾರೆ. ಪಾಕಿಸ್ತಾನದಲ್ಲಿ ದುಡ್ಡಿದ್ದವರಿಗೆ ಬ್ರಿಟನ್ನಿನ ಕೇಂಬ್ರಿಡ್ಜ್ ಓ ಲೆವೆಲ್ ಪರೀಕ್ಷೆ, ಉಳಿದವರಿಗೆ ಅಲ್ಲಿನ ಬೋರ್ಡಿನ ಮೆಟ್ರಿಕ್. ನಾವು ನಗುವ ಹಾಗಿಲ್ಲ, ಬಿಡಿ. ಬಾಂಗ್ಲಾದೇಶ ಹೈಸ್ಕೂಲು ಹೆಣ್ಣುಮಕ್ಕಳಿಗೆ 1990ರ ದಶಕದಲ್ಲೇ ಸ್ಟೈಪೆಂಡ್ ಕೊಟ್ಟಿತು. ಅದು ನಿಜಕ್ಕೂ ದೊಡ್ಡ ಕೆಲಸ.

ಸರಿ, ಶ್ರೀಲಂಕಾ ಮುಂದಾ? ಶಾಲೆಯ ಮಟ್ಟಕ್ಕೆ ಹೌದು ಅಂತೀನಿ. ಅದರಾಚೆಗೆ ಇಲ್ಲ. ಎ ಲೆವೆಲ್‌ನಲ್ಲಿ ಅರ್ಹತೆ ಪಡೆದವರಲ್ಲೇ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಅಲ್ಲಿ ಸರ್ಕಾರಿ ಯೂನಿವರ್ಸಿಟಿ ಸೀಟು ಸಿಗುವುದಿಲ್ಲ. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಫೇಲಾದರೂ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಬಹುದು. ಆಮೇಲೆ ಐಟಿಐ, ಡಿಪ್ಲೊಮಾ, ಪಿಯುಸಿ, ಡಿಗ್ರಿ ಅಂತ ಹತ್ತಿರದಲ್ಲೇ ಏನಾದರೊಂದು ಸಿಗುತ್ತದೆ. ನಮ್ಮ ಈ ಕಾಲೇಜುಗಳಲ್ಲಿ ಸಿಕ್ಕ ಪಾಠದ ಗುಣಮಟ್ಟ ಎಂಥದ್ದು ಅಂತ ಕೇಳಿದರೆ ಅದು ಬೇರೆ ಪ್ರಶ್ನೆ, ಅದನ್ನ ಬೇರೆಯಾಗೇ ಕೇಳಿ.